ಎರಡನೆಯ ಮಾತ್ರೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬರಿದ್ದಾರೆ. ಮನಸ್ಸಿನ ಭಾರ ಸ್ವಲ್ಪ ಇಳಿದಿದೆ, ಆದರೆ ಆತಂಕ ಬಿಟ್ಟಿಲ್ಲ. ಅವರಿಗೆ ಆತಂಕಕ್ಕೆಂದೇ ಇನ್ನೊಂದು ಮಾತ್ರೆ ಸೇರಿಸಬೇಕೇ, ಬೇಡವೇ? ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಇಷ್ಟೇ. ಮನಸ್ಸು, ಸಮಾಜ, ಸಂಸ್ಕೃತಿ ಎಂದು ಹರವಾದ ವಿಷಯ ತೆಗೆದುಕೊಳ್ಳಬಹುದಿತ್ತು. ಆದರೆ ಮನೋವೈದ್ಯನಾಗಿ ನನ್ನ ಕೊಠಡಿಯಲ್ಲಿ ದಿನವೂ ಎದುರಾಗುವ ಪ್ರಶ್ನೆ ಇದು. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಇದರ ತೀರ್ಮಾನ ಒಂದೆರಡು ನಿಮಿಷದಲ್ಲಿ ಆಗಿಹೋಗುತ್ತದೆ. ಅದರ ಫಲವನ್ನು ರೋಗಿ ವರ್ಷಗಟ್ಟಲೆ ಅನುಭವಿಸುತ್ತಾನೆ.

ಕನ್ನಡದಲ್ಲಿ ಇಂಥ ಮಾತಿಗೆ ನೆಲೆ ಇದೆ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಪುಸ್ತಕ, ಅಂಕಣ, ಭಾಷಣಗಳ ಮೂಲಕ ಈ ವಿದ್ಯೆಯನ್ನು ಹಳ್ಳಿಯ ಓದುಗರವರೆಗೂ ಕೊಂಡೊಯ್ದರು. ಕಾಯಿಲೆಯ ಬಗ್ಗೆ ಈಗ ನಮಗೆ ತಕ್ಕಮಟ್ಟಿಗೆ ಗೊತ್ತು. ಔಷಧದ ಬಗ್ಗೆ, ಅದರಲ್ಲೂ ಎರಡು ಔಷಧ ಒಟ್ಟಿಗೆ ಸೇರಿದಾಗ ಆಗುವುದರ ಬಗ್ಗೆ, ತಿಳಿವಳಿಕೆ ಕಡಿಮೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮುಂತಾದವನ್ನು ನಾವು ಖಿನ್ನತೆಯ ಮಾತ್ರೆಗಳೆಂದು ಕರೆಯುತ್ತೇವೆ. ಆತಂಕದ ಕಾಯಿಲೆಗಳಿಗೂ ಮೊದಲು ಕೊಡುವ ಔಷಧಗಳು ಇವೇ. ಸದಾ ಕಾಡುವ ಚಿಂತೆ, ಇದ್ದಕ್ಕಿದ್ದಂತೆ ಬರುವ ಪ್ಯಾನಿಕ್, ಜನರೆದುರು ನಿಲ್ಲಲು ಭಯ, ಎಲ್ಲಕ್ಕೂ ಆರಂಭ ಇವುಗಳಿಂದಲೇ. ಹಾಗಾಗಿ ಒಬ್ಬರು ಎಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದಾರೆಂದರೆ ಅವರ ಆತಂಕಕ್ಕೂ ಚಿಕಿತ್ಸೆ ಆಗಲೇ ಶುರುವಾಗಿದೆ. ಆ ಚಿಕಿತ್ಸೆಗೆ ಸಾಕಷ್ಟು ಡೋಸ್ ಸಿಕ್ಕಿದೆಯೇ, ಸಾಕಷ್ಟು ದಿನ ಸಿಕ್ಕಿದೆಯೇ ಎಂದು ಮೊದಲು ನೋಡಬೇಕು. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಖಿನ್ನತೆಯಲ್ಲಿ ಪೂರ್ಣ ಪರಿಣಾಮಕ್ಕೆ ಆರೆಂಟು ವಾರ, ಆತಂಕದಲ್ಲಿ ಕೆಲವರಿಗೆ ಹನ್ನೆರಡು ವಾರವೂ ಹಿಡಿಯುತ್ತದೆ. ಮೂರನೇ ವಾರಕ್ಕೇ ಈ ಮಾತ್ರೆ ನನಗೆ ಹಿಡಿಸಲಿಲ್ಲ ಎಂದು ನಿಲ್ಲಿಸಿ ಬರುವವರು ಬಹಳ ಜನ.

ಇನ್ನೊಂದು ಸಂಗತಿಯನ್ನು ವೈದ್ಯರು ಮೊದಲ ದಿನವೇ ಹೇಳಬೇಕು. ಹೇಳದೇ ಹೋದಾಗ ತೊಂದರೆಯಾಗುತ್ತದೆ. ಈ ಮಾತ್ರೆ ಶುರುಮಾಡಿದ ಮೊದಲ ಒಂದೆರಡು ವಾರ ಆತಂಕ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಕೈ ನಡುಕ, ಹೊಟ್ಟೆ ತೊಳಸುವುದು, ನಿದ್ದೆ ಹಾರುವುದು, ಒಳಗೇನೋ ಕುದಿಯುತ್ತಿರುವ ಹಾಗೆ ಅನ್ನಿಸುವುದು. ಇವೆಲ್ಲ ಔಷಧದ್ದೇ ಆರಂಭದ ಪರಿಣಾಮಗಳು. ಆತಂಕ ಹೆಚ್ಚಿರುವವರಿಗೆ ಎಸಿಟಲೋಪ್ರಾಮ್ 10 ಮಿಲಿಗ್ರಾಂ ಬದಲು 5ರಿಂದ ಶುರುಮಾಡುವುದು ಇದಕ್ಕೇ. ಹತ್ತನೇ ದಿನ ಬಂದು ‘ಗಾಬರಿ ಜಾಸ್ತಿಯಾಗಿದೆ’ ಎನ್ನುವವರಿಗೆ ಬಹಳ ಸಲ ಡೋಸ್ ಇಳಿಸಿ ಧೈರ್ಯ ಹೇಳಿದರೆ ಸಾಕಾಗುತ್ತದೆ. ಆದರೆ ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ ಬಂದರೆ, ಸಾಯುವ ಯೋಚನೆ ಸುಳಿದರೆ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಮುಂದಿನ ಭೇಟಿಯ ತಾರೀಖಿನವರೆಗೆ ಕಾಯಬಾರದು. ಅಂದೇ ವೈದ್ಯರನ್ನು ಕಾಣಬೇಕು.

ಮನಸ್ಸಿನದಲ್ಲದ ಕಾರಣಗಳೂ ಇವೆ. ಥೈರಾಯ್ಡ್ ಏರಿದರೆ ಎದೆ ಬಡಿತ, ಬೆವರು, ನಡುಕ ಎಲ್ಲವೂ ಆತಂಕದ ವೇಷದಲ್ಲೇ ಬರುತ್ತವೆ. ರಕ್ತ ಕಡಿಮೆಯಾದ ಹೆಣ್ಣುಮಕ್ಕಳಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಆಸ್ತಮಾದ ಸಾಲ್ಬುಟಮಾಲ್ ಪಂಪು, ಸ್ಟೀರಾಯ್ಡ್ ಮಾತ್ರೆ, ಕೆಲವು ನೆಗಡಿ ಮಾತ್ರೆಗಳು ಕೂಡ ಇದನ್ನೇ ಮಾಡಬಲ್ಲವು. ನಮ್ಮ ಕಡೆ ಕಾಫಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಕ್ಕೆ ಆರು ಲೋಟ ಗಟ್ಟಿ ಡಿಕಾಕ್ಷನ್ ಕುಡಿಯುವವರಿಗೆ ಆತಂಕದ ಮಾತ್ರೆ ಬರೆಯುವ ಮೊದಲು ಮೂರು ಲೋಟ ಇಳಿಸಿ ನೋಡಬೇಕು. ರಾತ್ರಿ ಕುಡಿದ ಮದ್ಯ ಬೆಳಗಿನ ಜಾವ ಇಳಿಯುವಾಗ ಗಾಬರಿ ಹುಟ್ಟಿಸುತ್ತದೆ. ಅದನ್ನು ಕೇಳದೆ ಬೆಂಜೊಡಯಜೆಪೀನ್ ಬರೆದರೆ ಅನಾಹುತವೇ ಆದೀತು.

ಈಗ ಎರಡನೆಯ ಮಾತ್ರೆಗೆ ಬರೋಣ. ಆತಂಕದ ಮಾತ್ರೆ ಎಂದರೆ ನಮ್ಮಲ್ಲಿ ಹೆಚ್ಚಾಗಿ ಬೆಂಜೊಡಯಜೆಪೀನ್ ಗುಂಪಿನದು: ಕ್ಲೋನಜೆಪಾಮ್, ಆಲ್ಪ್ರಜೋಲಾಮ್, ಲೋರಜೆಪಾಮ್, ಡಯಜೆಪಾಮ್. ಈ ಗುಂಪಿನ ಹುಟ್ಟು ಅಮೆರಿಕದ ನ್ಯೂಜೆರ್ಸಿಯ ಹಾಫ್‌ಮನ್-ಲಾ ರೋಶ್ ಪ್ರಯೋಗಾಲಯದಲ್ಲಿ. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ಉಪಯೋಗವಿಲ್ಲವೆಂದು ಬದಿಗಿಟ್ಟಿದ್ದ ಒಂದು ಸಂಯುಕ್ತ 1957ರಲ್ಲಿ ಪ್ರಯೋಗಾಲಯ ಸ್ವಚ್ಛಗೊಳಿಸುವಾಗ ಮತ್ತೆ ಕಣ್ಣಿಗೆ ಬಿತ್ತು. ಪರೀಕ್ಷೆಗೆ ಕಳಿಸಿದಾಗ ಅದರ ಗುಣ ಹೊರಬಂತು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಮಾರುಕಟ್ಟೆಗೆ ಬಂದವು. ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಬಾರ್ಬಿಚುರೇಟ್‌ಗಳು ಸ್ವಲ್ಪ ಹೆಚ್ಚಾದರೆ ಪ್ರಾಣ ತೆಗೆಯುತ್ತಿದ್ದವು. ಅವುಗಳ ಮುಂದೆ ಇವು ನಿಜಕ್ಕೂ ವರವಾಗಿ ಕಂಡವು. ಅಭ್ಯಾಸವಾಗುವ ಗುಣ ಎಲ್ಲರಿಗೂ ಮನದಟ್ಟಾಗಲು ಎರಡು ದಶಕ ಹಿಡಿಯಿತು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು ಎರಡರಿಂದ ನಾಲ್ಕು ವಾರಕ್ಕಷ್ಟೇ ಕೊಡಿ ಎಂದಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಅವಲಂಬನೆ, ದುರ್ಬಳಕೆ, ಬಿಡುವಾಗಿನ ತೊಂದರೆಗಳ ಕುರಿತು ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು.

ಹಾಗಿದ್ದರೆ ಸೇರಿಸಲೇಬಾರದೇ? ‘ಬೆಂಜೊ ನಾನು ಬರೆಯುವುದೇ ಇಲ್ಲ’ ಎಂಬ ಹಠವನ್ನು ನಾನು ಒಪ್ಪುವುದಿಲ್ಲ. ನಾಲ್ಕು ರಾತ್ರಿ ಕಣ್ಣು ಮುಚ್ಚದವರಿಗೆ, ಪ್ಯಾನಿಕ್ಕಿಗೆ ಹೆದರಿ ಹೊಸ್ತಿಲು ದಾಟದವರಿಗೆ, ಆರು ವಾರ ತಡೆದುಕೊಳ್ಳಿ ಎಂದು ಹೇಳುವುದು ಕಠೋರತನ. 2001ರಲ್ಲಿ ಅಮೆರಿಕದಲ್ಲಿ ಪ್ಯಾನಿಕ್ ಕಾಯಿಲೆಯ 50 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಎಲ್ಲರಿಗೂ ಸರ್ಟ್ರಾಲಿನ್. ಒಂದು ಗುಂಪಿಗೆ ಮೊದಲ ನಾಲ್ಕು ವಾರ ಕ್ಲೋನಜೆಪಾಮ್ ಕೂಡ ಕೊಟ್ಟು, ಮುಂದಿನ ಮೂರು ವಾರದಲ್ಲಿ ಇಳಿಸಿ ನಿಲ್ಲಿಸಿದರು. ಇನ್ನೊಂದು ಗುಂಪಿಗೆ ಅದೇ ರೂಪದ, ಔಷಧವಿಲ್ಲದ ಮಾತ್ರೆ. ಮೊದಲ ವಾರದ ಕೊನೆಗೆ ಕ್ಲೋನಜೆಪಾಮ್ ಸೇರಿದವರಲ್ಲಿ ಶೇ. 41 ಮಂದಿಗೆ ಗುಣ ಕಂಡಿತ್ತು, ಸೇರದವರಲ್ಲಿ ಶೇ. 4 ಮಂದಿಗೆ ಮಾತ್ರ. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಎರಡು ಗುಂಪುಗಳೂ ಒಂದೇ ಮಟ್ಟದಲ್ಲಿದ್ದವು. ಖಿನ್ನತೆಯ ವಿಷಯದಲ್ಲಿ 2019ರ ಕಾಕ್ರೇನ್ ವಿಮರ್ಶೆ 10 ಅಧ್ಯಯನಗಳನ್ನು, 731 ಜನರ ವಿವರಗಳನ್ನು ಕೂಡಿಸಿ ನೋಡಿ ಹೆಚ್ಚುಕಡಿಮೆ ಇದನ್ನೇ ಹೇಳಿತು: ಮೊದಲ ನಾಲ್ಕು ವಾರ ಎರಡು ಔಷಧ ಸೇರಿದರೆ ಲಾಭವಿದೆ, ಅದರಾಚೆಗೆ ವ್ಯತ್ಯಾಸ ಕಾಣುವುದಿಲ್ಲ.

ಇಲ್ಲಿ ನನ್ನ ಮುಖ್ಯ ಮಾತು ಬರುತ್ತದೆ. ಮನೆಗೆ ಆರ್‌ಸಿಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರೆ. ತಾರಸಿ ಗಟ್ಟಿಯಾಗುವ ತನಕ ಅದು ಬೇಕೇ ಬೇಕು. ಯಾವ ದಿನ ಬಿಚ್ಚಬೇಕೆಂಬುದು ಹಾಕುವ ದಿನವೇ ಮೇಸ್ತ್ರಿಗೆ ಗೊತ್ತಿರುತ್ತದೆ. ಆತಂಕದ ಮಾತ್ರೆಯನ್ನು ಹೀಗೆ ಕೊಡಬೇಕು. ಸೇರಿಸುವ ದಿನವೇ, ಅದೇ ಚೀಟಿಯಲ್ಲಿ, ಯಾವಾಗ ಇಳಿಸಲು ಶುರು, ಯಾವಾಗ ನಿಲುಗಡೆ ಎಂದು ಬರೆದಿರಬೇಕು. ನಮ್ಮಲ್ಲಿ ಸೇರಿಸುವ ತೀರ್ಮಾನವನ್ನು ಯಾರೋ ಒಬ್ಬರು ಮಾಡುತ್ತಾರೆ. ತೆಗೆಯುವ ತೀರ್ಮಾನವನ್ನು ಯಾರೂ ಮಾಡುವುದಿಲ್ಲ.

ಇದಕ್ಕೊಂದು ವಿಶೇಷ ಕಾರಣ ನಮ್ಮ ದೇಶದಲ್ಲಿದೆ. ಎಸಿಟಲೋಪ್ರಾಮ್ 10 ಮಿಲಿಗ್ರಾಂ ಮತ್ತು ಕ್ಲೋನಜೆಪಾಮ್ 0.5 ಮಿಲಿಗ್ರಾಂ ಒಂದೇ ಮಾತ್ರೆಯಲ್ಲಿ ಸೇರಿ ಬರುತ್ತವೆ. ಬ್ರಾಂಡ್ ಹೆಸರಿನ ಮುಂದೆ ಬಹಳ ಸಲ ‘ಪ್ಲಸ್’ ಎಂಬ ಒಂದು ಪದವಷ್ಟೇ ಇರುತ್ತದೆ. ಹೀಗಾಗಿ ಆತಂಕದ ಮಾತ್ರೆ ಸೇರಿಸಬೇಕೇ ಎಂದು ಯೋಚಿಸುತ್ತಾ ಬರುವ ಎಷ್ಟೋ ಜನರಿಗೆ ಅದು ತಿಂಗಳುಗಳ ಹಿಂದೆಯೇ ಸೇರಿಹೋಗಿರುತ್ತದೆ.

ಹಲವರ ಕಥೆಯನ್ನು ಒಂದಾಗಿ ಮಾಡಿ ಹೇಳುತ್ತೇನೆ, ಗುರುತು ಸಿಗದಿರಲೆಂದು. ಮಲೆನಾಡಿನ ಒಬ್ಬ ಶಾಲಾ ಶಿಕ್ಷಕಿ, ವಯಸ್ಸು ನಲವತ್ತರ ಆಸುಪಾಸು. ಬೇರೆಡೆ ಚಿಕಿತ್ಸೆ ಪಡೆಯುತ್ತಿದ್ದವರು. ‘ಡಾಕ್ಟ್ರೇ, ಅಳು ನಿಂತಿದೆ. ಆದ್ರೆ ಬೆಳಗಿನ ಜಾವ ಎಚ್ಚರ ಆಗುತ್ತೆ, ಎದೆ ಢವಢವ ಅನ್ನುತ್ತೆ, ಮಕ್ಕಳಿಗೆ ಏನೋ ಆಗೋಗುತ್ತೆ ಅಂತ ದಿಗಿಲು’ ಎಂದರು. ಯಜಮಾನರು ಪಕ್ಕದಿಂದ, ‘ಸಾರ್, ಇನ್ನೊಂದು ಪವರ್ ಇರೋ ಮಾತ್ರೆ ಬರ್ಕೊಡಿ’ ಎಂದರು. ಸ್ಟ್ರಿಪ್ ತೋರಿಸಿ ಎಂದೆ. ಅದು ಎರಡೂ ಔಷಧ ಸೇರಿದ ಮಾತ್ರೆ. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಅಭ್ಯಾಸವಾಗಿಬಿಟ್ಟೀತೆಂಬ ಭಯಕ್ಕೆ ಗಾಬರಿ ಜಾಸ್ತಿಯಾದ ದಿನ ಮಾತ್ರ ನುಂಗುತ್ತಿದ್ದರು. ಪರಿಣಾಮ ನೋಡಿ. ದಿನಾ ಬೇಕಾದ ಎಸಿಟಲೋಪ್ರಾಮ್ ವಾರಕ್ಕೆ ಮೂರು ದಿನ ಹೊಟ್ಟೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಅದು ಕೆಲಸ ಮಾಡಲಾರದು. ಕ್ಲೋನಜೆಪಾಮ್ ಮೈಯಲ್ಲಿ ಏರುತ್ತಾ ಇಳಿಯುತ್ತಾ ಇತ್ತು, ಇಳಿದಾಗೆಲ್ಲ ಗಾಬರಿ ಮರುಕಳಿಸುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಮಾತ್ರೆಯಲ್ಲ. ಒಂದಾಗಿದ್ದ ಎರಡು ಔಷಧಗಳನ್ನು ಬೇರೆ ಬೇರೆ ಮಾತ್ರೆಗಳಾಗಿ ಮಾಡಿದೆವು. ಎಸಿಟಲೋಪ್ರಾಮ್ ದಿನಾ ತಪ್ಪದೆ, ಆಮೇಲೆ ಡೋಸ್ ಸ್ವಲ್ಪ ಮೇಲಕ್ಕೆ. ಕ್ಲೋನಜೆಪಾಮ್ ಮೊದಲು ದಿನಾ ಒಂದೇ ಪ್ರಮಾಣದಲ್ಲಿ ಉಳಿಸಿಕೊಂಡು, ಬಳಿಕ ಕೆಲವು ತಿಂಗಳುಗಳಲ್ಲಿ ಮೆಲ್ಲಗೆ ಕೆಳಕ್ಕೆ. ಬೆಳಗಿನ ಜಾವದ ದಿಗಿಲು ಮೊದಲು ವಿರಳವಾಯಿತು, ಆಮೇಲೆ ಹೋಯಿತು.

ಜೋಡಿ ಮಾತ್ರೆಯ ದೋಷವೇ ಇದು. ಎರಡು ಔಷಧಗಳಿಗೆ ಎರಡು ಬೇರೆ ಆಯಸ್ಸು ಇರಬೇಕು. ಒಂದು, ಕಾಯಿಲೆ ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ, ಮರುಕಳಿಸುವ ಕಾಯಿಲೆಯಾದರೆ ಇನ್ನೂ ಹೆಚ್ಚು ಕಾಲ ಮುಂದುವರಿಯಬೇಕು. ಇನ್ನೊಂದು ಕೆಲವು ವಾರಕ್ಕೆ ಮುಗಿಯಬೇಕು. ಒಂದೇ ಮಾತ್ರೆಯಲ್ಲಿ ಕಟ್ಟಿಹಾಕಿದರೆ ಒಂದನ್ನು ಬಿಡಲು ಇನ್ನೊಂದನ್ನೂ ಬಿಡಬೇಕು, ಒಂದನ್ನು ಹೆಚ್ಚಿಸಲು ಇನ್ನೊಂದನ್ನೂ ಹೆಚ್ಚಿಸಬೇಕು. ಅನುಕೂಲಕ್ಕಾಗಿ ಹುಟ್ಟಿದ ಈ ಜೋಡಿ ಮಾತ್ರೆಗಳು ರೋಗಿಗಳಿಗೆ ಮಾಡಿರುವ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ. ಶುರುವಿನಿಂದಲೇ ಬೇರೆ ಬೇರೆ ಬರೆಯಿರಿ ಎಂದು ನನ್ನ ಸಹೋದ್ಯೋಗಿಗಳನ್ನು ಈ ವೇದಿಕೆಯಿಂದಲೂ ಕೇಳಿಕೊಳ್ಳುತ್ತೇನೆ.

ಅಭ್ಯಾಸದ ಭಯದ ಬಗ್ಗೆ ಇನ್ನಷ್ಟು ಹೇಳಬೇಕು. ನಮ್ಮ ಮನೆಗಳಲ್ಲಿ ಈ ಭಯ ತಪ್ಪು ಮಾತ್ರೆಗೆ ಅಂಟಿಕೊಂಡಿದೆ. ‘ಮನಸ್ಸಿನ ಮಾತ್ರೆ ಬಿಡೋಕಾಗಲ್ಲ ಕಣಮ್ಮ, ಬೇಗ ನಿಲ್ಲಿಸು’ ಎಂದು ಅತ್ತೆಯೋ ದೊಡ್ಡಪ್ಪನೋ ಹೇಳುವುದು ಎಸಿಟಲೋಪ್ರಾಮ್ ಬಗ್ಗೆ. ಅದನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಮಿಂಚು ಹೊಡೆದಂಥ ಅನುಭವ ಆಗುವುದುಂಟು, ಕೆಲವರಿಗೆ ತೀವ್ರವಾಗಿಯೂ ಆಗುತ್ತದೆ. ಅದಕ್ಕಾಗಿ ಅದನ್ನೂ ಮೆಲ್ಲಗೆ ಇಳಿಸಬೇಕು. ಆದರೆ ಅದು ದಿನದಿನಕ್ಕೆ ಹೆಚ್ಚು ಡೋಸ್ ಕೇಳುವುದಿಲ್ಲ, ಅದಕ್ಕಾಗಿ ಚಪಲ ಹುಟ್ಟುವುದಿಲ್ಲ. ಅದೇ ಮನೆಯಲ್ಲಿ ‘ನಿದ್ದೆ ಮಾತ್ರೆ’ ಎಂಬ ಹೆಸರಿನಲ್ಲಿ ಆಲ್ಪ್ರಜೋಲಾಮ್ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಅಕ್ಕನಿಗೆ ಬರೆದದ್ದನ್ನು ತಂಗಿ, ತಂಗಿಯದನ್ನು ಅಮ್ಮ. ಆಲ್ಪ್ರಜೋಲಾಮ್, ಡಯಜೆಪಾಮ್‌ಗಳನ್ನು ಸರ್ಕಾರ 2013ರಲ್ಲಿ ಎಚ್-1 ಪಟ್ಟಿಗೆ ಸೇರಿಸಿದೆ, 2014ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮೆಡಿಕಲ್ ಶಾಪಿನವರು ಕೊಂಡವರ ವಿವರವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾಗದದ ಮೇಲೆ ನಿಯಮ ಗಟ್ಟಿಯಾಗಿದೆ. ಹಳೆಯ ಸ್ಟ್ರಿಪ್ಪಿನ ಒಂದು ತುಂಡು ತೋರಿಸಿದರೆ ಮಾತ್ರೆ ಸಿಗುವ ಅಂಗಡಿಗಳು ಇನ್ನೂ ಇವೆ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು.

ತಿಂಗಳುಗಟ್ಟಲೆ ದಿನಾ ತೆಗೆದುಕೊಂಡ ಬೆಂಜೊಡಯಜೆಪೀನ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆ ಆಗಬಹುದು, ಪ್ರಾಣಕ್ಕೂ ಅಪಾಯ. ನನ್ನ ಈ ಉಪನ್ಯಾಸ ಕೇಳಿ ಯಾರೂ ಇಂದು ರಾತ್ರಿ ಮಾತ್ರೆ ಎಸೆಯಬೇಡಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು. ರೋಗಿಯ ವೇಗಕ್ಕೆ ತಕ್ಕಂತೆ, ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಇಳಿಸುವುದು ಅವರ ಕ್ರಮ. 2025ರಲ್ಲಿ ಅಮೆರಿಕದ ವೈದ್ಯಕೀಯ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯೂ ಅದೇ ದಾರಿಯದು: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ನೋಡುವುದು, ಎರಡು ವಾರಕ್ಕೆ ಶೇ. 25ಕ್ಕಿಂತ ಹೆಚ್ಚು ಇಳಿಸದಿರುವುದು.

ಯಾರ ವಿಷಯದಲ್ಲಿ ಸೇರಿಸಲು ಹಿಂದೆಮುಂದೆ ನೋಡಬೇಕು? ವಯಸ್ಸಾದವರಲ್ಲಿ ಮೊದಲಿಗೆ. ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಯನ್ನು ತೆರೆದು ನೋಡಬೇಕು, ಅದರಲ್ಲಿ ಈ ಮಾತ್ರೆ ಇದ್ದರೆ ನನಗೆ ಆಶ್ಚರ್ಯವಿಲ್ಲ. ಕುಡಿತ ಇರುವವರಿಗೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ, ಬಸ್ಸು ಲಾರಿ ಓಡಿಸುವವರಿಗೆ, ಗರ್ಭಿಣಿಯರಿಗೆ ಬಹಳ ಯೋಚಿಸಿ ಕೊಡಬೇಕು. ಔಷಧ ಔಷಧಗಳ ನಡುವಿನ ಸಂಬಂಧವನ್ನೂ ನೋಡಬೇಕು. ಫ್ಲೂವಾಕ್ಸಮಿನ್ ತೆಗೆದುಕೊಳ್ಳುವವರಲ್ಲಿ ಆಲ್ಪ್ರಜೋಲಾಮ್ ಪ್ರಮಾಣ ರಕ್ತದಲ್ಲಿ ಏರುತ್ತದೆ, ಹಾಗಾಗಿ ಎಲ್ಲರಿಗೂ ಕೊಡುವ ಡೋಸ್ ಅವರಿಗೆ ಹೆಚ್ಚಾಗುತ್ತದೆ.

ಬೆಂಜೊ ಅಲ್ಲದ ಆಯ್ಕೆಗಳೂ ಇವೆ. ಬ್ಯೂಸ್ಪಿರೋನ್ ಅಭ್ಯಾಸವಾಗುವುದಿಲ್ಲ, ಆದರೆ ಅದಕ್ಕೂ ಕೆಲವು ವಾರ ಬೇಕು, ಆಗಾಗ ಬೇಕೆನಿಸಿದಾಗ ನುಂಗುವ ಮಾತ್ರೆಯಲ್ಲ. ಪ್ರೊಪ್ರನಲಾಲ್ ಎದೆಬಡಿತಕ್ಕೆ, ಕೈನಡುಕಕ್ಕೆ ಒಳ್ಳೆಯದು, ಸದಾ ಕೊರೆಯುವ ಚಿಂತೆಗೆ ಅಲ್ಲ, ಆಸ್ತಮಾ ಇದ್ದವರಿಗಂತೂ ಕೂಡದು. ಪ್ರಿಗಾಬಲಿನ್ ಕೆಲವರಿಗೆ ಹಿಡಿಸುತ್ತದೆ, ತಲೆಸುತ್ತು ಮತ್ತು ತೂಕ ಏರುವುದು ಅದರ ತೊಂದರೆ, ಅಭ್ಯಾಸದ ಅಪಾಯ ಅದಕ್ಕೂ ಉಂಟು. ಮೊದಲ ಔಷಧವನ್ನೇ ಬದಲಾಯಿಸುವುದು ಇನ್ನೊಂದು ದಾರಿ.

ಮಾತಿನ ಚಿಕಿತ್ಸೆಯ ಬಗ್ಗೆ ಇಷ್ಟು ಹೇಳಲೇಬೇಕು. ಆತಂಕದ ಮನಸ್ಸು ಹೆದರಿದ ಜಾಗವನ್ನು ತಪ್ಪಿಸುತ್ತಾ ಹೋಗುತ್ತದೆ. ಸಂತೆ ಬೇಡ, ಬಸ್ಸು ಬೇಡ, ಮದುವೆ ಮನೆ ಬೇಡ. ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ ಆ ಜಾಗಗಳಿಗೆ ಹಂತಹಂತವಾಗಿ ಮರಳಿ, ಅಲ್ಲೇ ನಿಂತು, ಎದೆ ಬಡಿದರೂ ಏನೂ ಆಗುವುದಿಲ್ಲವೆಂದು ಮೈ ಕಲಿಯುವಂತೆ ಮಾಡುತ್ತಾರೆ. ಈ ಕಲಿಕೆ ಮಾತ್ರೆ ನಿಲ್ಲಿಸಿದ ಮೇಲೂ ಉಳಿಯುತ್ತದೆ. ಪ್ರತಿ ಸಲ ಹೊರಡುವ ಮೊದಲು ಒಂದು ಆಲ್ಪ್ರಜೋಲಾಮ್ ನುಂಗಿ ಹೋದರೆ, ಧೈರ್ಯದ ಮೂಲ ಮಾತ್ರೆಯೇ ಎಂದು ಮನಸ್ಸು ನಂಬಿಬಿಡುತ್ತದೆ, ಕಲಿಕೆ ಆಗುವುದಿಲ್ಲ. ಇಂಥ ಚಿಕಿತ್ಸೆ ಕೊಡಬಲ್ಲ ಮನಶ್ಶಾಸ್ತ್ರಜ್ಞರು ತಾಲ್ಲೂಕುಗಳಲ್ಲಿ ತೀರಾ ವಿರಳ. ಮಾತಿಗೆ ಜನವಿಲ್ಲದ ಕಡೆ ಮಾತ್ರೆ ಆ ಜಾಗ ತುಂಬಿಕೊಳ್ಳುತ್ತದೆ. ಎರಡನೆಯ ಮಾತ್ರೆ ಇಷ್ಟು ಸಲೀಸಾಗಿ ಚೀಟಿ ಸೇರಲು ಇದೂ ಒಂದು ಕಾರಣ, ಇದನ್ನು ಒಬ್ಬ ವೈದ್ಯ ಸರಿಪಡಿಸಲಾರ, ಸರ್ಕಾರವೇ ಹುದ್ದೆಗಳನ್ನು ಕೊಡಬೇಕು. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ದಾರಿ ತೋರಿದ ರಾಜ್ಯ ಇಲ್ಲಿ ಹಿಂದೆ ಉಳಿಯಬಾರದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅವರ ಜೊತೆ ಮಾತಿನ ಚಿಕಿತ್ಸೆ ಬಲ್ಲವರೊಬ್ಬರೂ ಬರುವಂತಾಗಬೇಕು.

ಕೊನೆಯದಾಗಿ ರೋಗಿಗಳಿಗೂ ಅವರ ಮನೆಯವರಿಗೂ ನನ್ನ ಬಿನ್ನಹ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಏನು, ಅದರ ಅಡ್ಡ ಪರಿಣಾಮಗಳೇನು ಎಂದು ತಿಳಿಯುವುದು ನಿಮ್ಮ ಹಕ್ಕು. ಕೇಳಲು ಸಂಕೋಚ ಬೇಡ. ಮನೆಗೆ ಹೋಗಿ ನಿಮ್ಮ ಮಾತ್ರೆಯ ಸ್ಟ್ರಿಪ್ಪನ್ನು ಹಿಂದುಮುಂದು ತಿರುಗಿಸಿ, ಬ್ರಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ, ಅಥವಾ ಮಕ್ಕಳಿಂದ ಓದಿಸಿ. ಅದರಲ್ಲಿ ಒಂದು ಔಷಧ ಇದೆಯೋ ಎರಡು ಇವೆಯೋ ನೋಡಿ. ಬರುವ ಭೇಟಿಗೆ ಅದನ್ನೂ ತೆಗೆದುಕೊಂಡು ಹೋಗಿ. ಹೊಸದೊಂದನ್ನು ಸೇರಿಸುತ್ತಾರಾದರೆ, ‘ಇದು ಎಷ್ಟು ದಿನಕ್ಕೆ? ಯಾವಾಗ ಇಳಿಸುತ್ತೀರಿ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಅದಕ್ಕೂ ಮುಂಚೆ ಗಾಬರಿ ತಡೆಯಲಾಗದಿದ್ದರೆ ಟೆಲಿ-ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.